ಆರು ಮೈಕ್ರಾನ್ ಮತ್ತು ಒಂದು ಅಫಿಡವಿಟ್: ಅಣ್ವಸ್ತ್ರ ಪ್ರಸರಣ ತಡೆಯ ಕೆಲಸಕ್ಕೆ ಸೇರುವವರೆಗೆ

ಕಳೆದ ಗುರುವಾರ ಮಧ್ಯಾಹ್ನ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ನನಗೆ ನೇಮಕಾತಿ ಪತ್ರ ಬಂತು. ಅಣ್ವಸ್ತ್ರ ಪ್ರಸರಣ ತಡೆ ಮತ್ತು ರಫ್ತು ನಿಯಂತ್ರಣ ವಿಭಾಗದಲ್ಲಿ ಕಿರಿಯ ನೀತಿ ವಿಶ್ಲೇಷಕಿ ಎಂಬುದು ಹುದ್ದೆಯ ಹೆಸರು. ಅಮ್ಮ ಇದನ್ನು ಪಕ್ಕದ ಮನೆಯವರಿಗೆ "ಬಾಂಬು ಹರಡದಂಗೆ ತಡಿಯೋ ಕೆಲಸ" ಎಂದು ವಿವರಿಸಿದರು. ಸಂಜೆಯ ಹೊತ್ತಿಗೆ ನಾನು ಪೊಲೀಸರ ಬಾಂಬ್ ನಿಷ್ಕ್ರಿಯ ದಳಕ್ಕೆ ಸೇರಿದ್ದೇನೆಂಬ ಸುದ್ದಿ ದಾವಣಗೆರೆಯ ನಮ್ಮ ಬೀದಿಯ ತುದಿಯ ಮಂಡಕ್ಕಿ ಅಂಗಡಿಯವರೆಗೂ ತಲುಪಿತ್ತು. ನಾನು ತಿದ್ದಲು ಹೋಗಲಿಲ್ಲ, ಏಕೆಂದರೆ ಈ ಕೆಲಸ ಏನೆಂದು ನನಗೇ ತಿಳಿಯಲು ಎರಡು ವರ್ಷ ಹಿಡಿದಿತ್ತು. ಅದನ್ನು ತಿಳಿದು, ಓದಿ, ಕೊನೆಗೆ ಸಂಬಳಕ್ಕೆ ಸೇರುವ ಹೊತ್ತಿಗೆ ಒಟ್ಟು ಆರು ವರ್ಷಗಳಾದವು. ಈ ಕಡೆ ಬರಬೇಕೆಂದಿರುವ ಮೂವರು ಹುಡುಗಿಯರು ಈಗಾಗಲೇ ದಾರಿ ಕೇಳಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಮೊದಲು ಕೆಲಸದ ಸ್ವರೂಪವನ್ನು ಹೇಳಿಬಿಡುತ್ತೇನೆ. ಒಪ್ಪಂದಗಳ ಕಲಮುಗಳನ್ನು, ಅಣುಶಕ್ತಿ ಬಾಂಬಿಗೆ ಬಳಕೆಯಾಗದಂತೆ ಕಣ್ಣಿಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ವರದಿಗಳನ್ನು, ರಫ್ತು ನಿಯಂತ್ರಣದ ಪಟ್ಟಿಗಳನ್ನು, ಕೆಲವೊಮ್ಮೆ ಉಪಗ್ರಹ ಚಿತ್ರಗಳನ್ನು ನೋಡಿ, ಯಾವ ದೇಶದಲ್ಲಿ ಯಾವ ವಸ್ತು ಎಷ್ಟು ಕಿಲೋ ಇದೆ, ಅದರಿಂದ ಏನಾಗಬಹುದು, ನಮ್ಮ ಸರಕಾರಕ್ಕೆ ಏನು ಮಾಡಲು ಸಾಧ್ಯ ಎಂಬುದನ್ನು, ಓದಲು ಪುರುಸೊತ್ತಿಲ್ಲದ ಅಧಿಕಾರಿಗಳಿಗಾಗಿ ಎರಡು ಪುಟದಲ್ಲಿ ಬರೆದುಕೊಡುವುದೇ ಇದರ ಮುಖ್ಯ ಭಾಗ. ಭೌತಶಾಸ್ತ್ರ ಬೇಕು, ಆದರೆ ಸ್ವಲ್ಪ ಸಾಕು. ಕಾನೂನು ಬೇಕು, ಅದೂ ಸ್ವಲ್ಪ. ಬರವಣಿಗೆ ಮಾತ್ರ ಬಹಳ ಬೇಕು.

2019ರಲ್ಲಿ ನಾನು ಹೊರ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದು, ತಿಂಗಳಿಗೆ ₹12,000ಕ್ಕೆ ಒಂದು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನನ್ನ ಎಂ.ಎಸ್ಸಿ. ಪ್ರಾಜೆಕ್ಟು ನಮ್ಮ ಕಡೆಯ ಕಾಲೇಜುಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವಂಥದ್ದು: ವಿಕಿರಣಶೀಲ ಸೀಸಿಯಂ-137ರಿಂದ ಬರುವ 662 ಕೆಇವಿ (ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣ ಬೇರೆ ಬೇರೆ ಮಣ್ಣಿನ ಮಾದರಿಗಳಲ್ಲಿ ಎಷ್ಟು ಹೀರಿಕೆಯಾಗುತ್ತದೆ ಎಂದು ಅಳೆಯುವುದು. ಮೂರು ವರ್ಷಗಳ ನಂತರ ಇದೇ ಪ್ರಾಜೆಕ್ಟು ನನ್ನನ್ನು ಹನ್ನೊಂದು ವಾರ ಕಾಡಲಿದೆ ಎಂದು ಆಗ ಗೊತ್ತಿರಲಿಲ್ಲ.

ಕೊರೊನಾ ಕಾಲದಲ್ಲಿ ಕಾಲೇಜು ಮುಚ್ಚಿದಾಗ ಮನೆಯಲ್ಲಿ ಕೂತು ಪಾಕಿಸ್ತಾನದ ಅಣು ವಿಜ್ಞಾನಿ ಅಬ್ದುಲ್ ಖದೀರ್ ಖಾನ್ ಬೇರೆ ದೇಶಗಳಿಗೆ ಅಣ್ವಸ್ತ್ರ ತಂತ್ರಜ್ಞಾನವನ್ನು ಗುಟ್ಟಾಗಿ ಮಾರುತ್ತಿದ್ದ ಜಾಲದ ಬಗ್ಗೆ ಓದತೊಡಗಿದೆ. 2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ ‘ಬಿಬಿಸಿ ಚೈನಾ’ ಎಂಬ ಹಡಗನ್ನು ಇಟಲಿಯ ಬಂದರಿಗೆ ತಿರುಗಿಸಿ ತಪಾಸಣೆ ಮಾಡಿದಾಗ ಯುರೇನಿಯಂ ಸಂವರ್ಧನೆಯ (ಅಂದರೆ ಅದರಲ್ಲಿ ಬಾಂಬಿಗೂ ಬೇಕಾಗುವ ಯುರೇನಿಯಂ-235ರ ಪಾಲನ್ನು ಹೆಚ್ಚಿಸುವ) ಸೆಂಟ್ರಿಫ್ಯೂಜ್‌ನ ಬಿಡಿಭಾಗಗಳು ಸಿಕ್ಕಿದ್ದವು. ಅವು ತಯಾರಾಗಿದ್ದು ಮಲೇಷ್ಯಾದ ಒಂದು ಸಾಧಾರಣ ಇಂಜಿನಿಯರಿಂಗ್ ಕಾರ್ಖಾನೆಯಲ್ಲಿ. ಇವು ತೈಲ ಮತ್ತು ಅನಿಲ ಉದ್ಯಮದ ಬಿಡಿಭಾಗಗಳೆಂದೇ ತಿಳಿದಿದ್ದೆವು ಎಂದು ಆ ಕಂಪನಿ ಹೇಳಿತು. ನನ್ನ ಅಪ್ಪಾಜಿ ಹರಿಹರದಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಟರ್ನರ್ ಆಗಿದ್ದವರು. ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಜಾಬ್ ಬಂದ್ರೆ ಡ್ರಾಯಿಂಗ್ ನೋಡ್ತೀವಿ, ಟಾಲರೆನ್ಸ್ ನೋಡ್ತೀವಿ. ಅದು ಎಲ್ಲಿಗ್ ಹೋಗ್ತದೆ ಅಂತ ಯಾವ ಟರ್ನರ್ ಕೇಳ್ತಾನವ್ವ?" ಎಂದರು. ನಾನು ಈ ದಾರಿ ಹಿಡಿದದ್ದು ಆ ಮಾತಿನಿಂದ. ಆ ರಾತ್ರಿ ಪರಮಾಣು ವಸ್ತುಗಳ ರಫ್ತಿಗೆ ನಿಯಮ ಹಾಕಿಕೊಂಡಿರುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪಿನ, ಉಭಯ ಬಳಕೆಯ (ಸಾಮಾನ್ಯ ಉದ್ಯಮಕ್ಕೂ ಅಣ್ವಸ್ತ್ರಕ್ಕೂ ಒದಗುವ) ವಸ್ತುಗಳ ಪಟ್ಟಿಯನ್ನು ಅಂತರಜಾಲದಿಂದ ಇಳಿಸಿಕೊಂಡೆ. ಅದರಲ್ಲಿ ಲೇತ್ ಯಂತ್ರಕ್ಕೆಂದೇ ಒಂದು ಕಲಮಿದೆ: 35 ಮಿಲಿಮೀಟರಿಗಿಂತ ಹೆಚ್ಚು ವ್ಯಾಸದ ವಸ್ತುವನ್ನು ತಿರುಗಿಸಿ ಕೊರೆಯುವ, ಆರು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸೂಕ್ಷ್ಮವಾದ ಸ್ಥಾನ ನಿಖರತೆಯುಳ್ಳ ಯಂತ್ರಕ್ಕೆ ರಫ್ತು ನಿಯಂತ್ರಣ ಅನ್ವಯಿಸುತ್ತದೆ. ಬೆಳಿಗ್ಗೆ ತೋರಿಸಿದಾಗ ಅಪ್ಪಾಜಿ ಬೀರುವಿನಿಂದ ತಮ್ಮ ಹಳೆಯ ಮೈಕ್ರೋಮೀಟರನ್ನು ತೆಗೆದು, ನನ್ನ ತಲೆಯ ಒಂದು ಕೂದಲನ್ನು ಅದರ ಬಾಯಲ್ಲಿಟ್ಟು, ಕಟಕ್ ಕಟಕ್ ಎನ್ನುವವರೆಗೆ ತಿರುಗಿಸಿ, "ಎಪ್ಪತ್ತು" ಎಂದರು. ಅದರ ಹನ್ನೆರಡನೇ ಒಂದು ಭಾಗ ಎಂದರೆ ಎಷ್ಟೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

ಎಲ್ಲಿ ಓದುವುದು ಎಂಬುದು ಮೊದಲ ಗೊಂದಲ. ನಮ್ಮ ದೇಶದಲ್ಲಿ ದಾರಿಗಳಿಲ್ಲವೆಂದಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ನಿಶ್ಶಸ್ತ್ರೀಕರಣಕ್ಕೆ ಸಂಬಂಧಿಸಿದ ಕೇಂದ್ರವಿದೆ. ಮಣಿಪಾಲದಲ್ಲಿ ಭೂರಾಜಕೀಯದ ಎಂ.ಎ. ಇದೆ, ಬೆಂಗಳೂರಿನಲ್ಲಿ 1988ರಲ್ಲಿ ಶುರುವಾದ, ರಾಜಾ ರಾಮಣ್ಣನವರು ಮೊದಲ ನಿರ್ದೇಶಕರಾಗಿದ್ದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆ ನಡೆಯುತ್ತದೆ. ಈಗ ಯಾರಾದರೂ ಕೇಳಿದರೆ ಮೊದಲು ಇವುಗಳನ್ನೇ ನೋಡಿ ಎನ್ನುತ್ತೇನೆ, ಏಕೆಂದರೆ ಖರ್ಚಿನಲ್ಲಿ ಹತ್ತು ಪಟ್ಟು ವ್ಯತ್ಯಾಸವಿದೆ. ನಾನು ಹೊರದೇಶಕ್ಕೆ ಹೋದದ್ದು ಪ್ರಸರಣ ತಡೆಯನ್ನೇ ಪ್ರಧಾನ ವಿಷಯವಾಗಿ ಕಲಿಸುವ ಎಂ.ಎ. ಬೇಕೆಂಬ ಹಟದಿಂದ. ಆ ಹಟದ ಬೆಲೆ ಮುಂದೆ ಬರುತ್ತದೆ.

2021ರ ಜುಲೈನಲ್ಲಿ ಕಾಗದಪತ್ರ ಶುರುಮಾಡಿದೆ. ಟ್ರಾನ್ಸ್‌ಕ್ರಿಪ್ಟ್ ಎಂದರೆ ಎಲ್ಲ ಸೆಮಿಸ್ಟರುಗಳ ಅಂಕಗಳನ್ನು ಒಟ್ಟುಗೂಡಿಸಿ ವಿಶ್ವವಿದ್ಯಾಲಯವೇ ಮೊಹರು ಮಾಡಿದ ಲಕೋಟೆಯಲ್ಲಿ ಕೊಡುವ ದಾಖಲೆ. ಹತ್ತು ದಿನವೆಂದು ಫಲಕದಲ್ಲಿ ಬರೆದಿತ್ತು, ಏಳು ವಾರ ಆಯಿತು. ಮೂರು ಸಲ ಹೋಗಿಬಂದೆ. ಎರಡನೇ ಸಲ ಹೋದಾಗ ಗುಮಾಸ್ತರು ನನ್ನ ಅರ್ಜಿಯನ್ನು ಮೇಜಿನ ಕಾಲಿನ ಕೆಳಗಿನಿಂದ ಎಳೆದು ತೆಗೆದರು, ಮೇಜು ಅಲುಗಾಡುತ್ತಿತ್ತಂತೆ. ಶುಲ್ಕ, ಬಸ್ಸು, ಊಟ ಎಲ್ಲ ಸೇರಿ ₹5,200 ಖರ್ಚಾಯಿತು. ಮುಂದೆ ಹೋಗುವವರು ಒಮ್ಮೆಗೇ ಎಂಟು ಲಕೋಟೆ ಮಾಡಿಸಿಕೊಳ್ಳಿ. ನಾನು ಐದು ಮಾಡಿಸಿ, ಆರನೆಯದಕ್ಕಾಗಿ ಮತ್ತೆ ಹೋಗಬೇಕಾಯಿತು.

ಲಕೋಟೆಗಿಂತ ದೊಡ್ಡ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ನಂತರ ಎರಡು ಇನಿಷಿಯಲ್ ಇವೆ, ಒಂದು ಊರಿನದು, ಇನ್ನೊಂದು ಅಪ್ಪಾಜಿಯದು. ಪದವಿ ಪ್ರಮಾಣಪತ್ರದಲ್ಲಿ ಅವೇ ಇನಿಷಿಯಲ್ ಹೆಸರಿಗಿಂತ ಮೊದಲು ಇವೆ. ಆಧಾರ್ ಕಾರ್ಡಿನಲ್ಲಿ ಊರು ಬಿಟ್ಟುಹೋಗಿದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲವೆಂದು ಬಿಡಿಸಿ ಬರೆಸಿದಾಗ ಅಪ್ಪಾಜಿಯ ಹೆಸರೇ ನನ್ನ ಅಡ್ಡಹೆಸರಾಯಿತು. ಹೀಗೆ ನಾಲ್ಕು ದಾಖಲೆಗಳಲ್ಲಿ ನಾಲ್ವರು ಹುಡುಗಿಯರು. ‘ಇವರೆಲ್ಲರೂ ಒಬ್ಬರೇ’ ಎಂದು ಇ-ಸ್ಟ್ಯಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿಯ ಸಹಿ ಹಾಕಿಸಿದೆ, ₹350 ಆಯಿತು. ಮೂಲಪ್ರತಿಗಳನ್ನು ಕನಿಷ್ಠ ನಾಲ್ಕು ಮಾಡಿಸಿಕೊಳ್ಳಿ, ಏಕೆಂದರೆ ಬ್ಯಾಂಕಿನವರು ಒಂದನ್ನು ಇಟ್ಟುಕೊಂಡುಬಿಡುತ್ತಾರೆ. ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರು ಒಂದು ಸ್ಥಾವರದ ಲೆಕ್ಕಪುಸ್ತಕಕ್ಕೂ ನಿಜವಾದ ದಾಸ್ತಾನಿಗೂ ತಾಳೆ ನೋಡುವಾಗ ಉಳಿಯುವ ವ್ಯತ್ಯಾಸವನ್ನು ‘ಲೆಕ್ಕಕ್ಕೆ ಸಿಗದ ವಸ್ತು’ ಎನ್ನುತ್ತಾರೆ. ತರಗತಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನನ್ನ ಊರಿನ ಇನಿಷಿಯಲ್.

ಈ ವಿಷಯವನ್ನೇ ಏಕೆ ಓದಬೇಕು ಎಂದು ವಿಶ್ವವಿದ್ಯಾಲಯಕ್ಕೆ ಹೇಳುವ ಉದ್ದೇಶ ಪತ್ರವನ್ನು ಹನ್ನೊಂದು ಸಲ ಬರೆದೆ. ಮೊದಲ ಕರಡಿನಲ್ಲಿ ಹಿರೋಷಿಮಾ, ವಿಶ್ವಶಾಂತಿ, ಬುದ್ಧ ಎಲ್ಲರೂ ಇದ್ದರು. ಅದನ್ನು ಓದಿದ ನನ್ನ ಹಳೆಯ ಮೇಷ್ಟರು, "ಇದನ್ನ ಯಾರು ಬೇಕಾದ್ರೂ ಬರೀಬಹುದು ಕಣಮ್ಮ" ಎಂದು ಮಡಚಿ ವಾಪಸು ಕೊಟ್ಟರು. ಕೊನೆಯ ಕರಡಿನಲ್ಲಿ ಅಪ್ಪಾಜಿಯ ಲೇತ್, ಮಲೇಷ್ಯಾದ ಕಾರ್ಖಾನೆ ಮತ್ತು ಒಂದು ಪ್ರಶ್ನೆ ಮಾತ್ರ ಇದ್ದವು: 2004ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಅಣ್ವಸ್ತ್ರದಂಥವು ಸರಕಾರೇತರ ಗುಂಪುಗಳ ಕೈಸೇರದಂತೆ ಎಲ್ಲ ದೇಶಗಳೂ ತಡೆಯಬೇಕೆನ್ನುವ 1540ನೇ ನಿರ್ಣಯವನ್ನು ಅಂಗೀಕರಿಸಿತು, ಮರುವರ್ಷ ನಮ್ಮ ಸಂಸತ್ತು ಸಾಮೂಹಿಕ ವಿನಾಶಕ ಅಸ್ತ್ರಗಳ ಕಾಯಿದೆ ಮಾಡಿತು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ರಫ್ತಿಗೆ ಅನುಮತಿ ಬೇಕಾದ ವಸ್ತುಗಳ ‘ಸ್ಕೋಮೆಟ್’ ಎಂಬ ಪಟ್ಟಿ ಇಟ್ಟುಕೊಂಡಿದೆ, ಆದರೆ ಹತ್ತು ಜನ ಕೆಲಸಗಾರರಿರುವ ಒಂದು ಸಣ್ಣ ವರ್ಕ್‌ಶಾಪಿನ ಮಾಲೀಕನಿಗೆ ಇದೆಲ್ಲ ತಲುಪುವುದು ಹೇಗೆ? ಐದು ಕಡೆ ಅರ್ಜಿ ಹಾಕಿದೆ. ಅರ್ಜಿ ಶುಲ್ಕಗಳಿಗೆ ₹28,000 ಮತ್ತು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸುಮಾರು ₹14,000 ಹೋಯಿತು. 2022ರ ಮಾರ್ಚಿನಲ್ಲಿ ಎರಡು ಕಡೆ ಪ್ರವೇಶ ಸಿಕ್ಕಿತು. ಅಮೆರಿಕದ ಪೂರ್ವ ಕರಾವಳಿಯ ಒಂದು ವಿಶ್ವವಿದ್ಯಾಲಯ ಬೋಧನಾ ಶುಲ್ಕದಲ್ಲಿ ಅರ್ಧ ಮನ್ನಾ ಮಾಡಿತು. ಉಳಿದ ಅರ್ಧವೇ ಎರಡು ವರ್ಷಕ್ಕೆ 44,000 ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ ₹35 ಲಕ್ಷದ ಆಸುಪಾಸು.

ಅಷ್ಟು ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳುತ್ತದೆ. ನಮಗಿರುವುದು 30×40ರ ಒಂದು ಸೈಟು ಮತ್ತು ಅದರ ಮೇಲಿನ ಮನೆ. ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಮೂವತ್ತು ವರ್ಷದ ಋಣಭಾರ ಪತ್ರ ಕೊಟ್ಟೆವು. ಬ್ಯಾಂಕಿನ ಪ್ಯಾನೆಲ್ ವಕೀಲರು ಮೂರು ವಾರ ನೋಡಿ, ಸೈಟು ಅಜ್ಜನಿಂದ ಅಪ್ಪಾಜಿಗೆ ಬರುವಾಗ ದೊಡ್ಡಪ್ಪನ ಸಹಿ ವಿಭಾಗಪತ್ರದ ಒಂದು ಪುಟದಲ್ಲಿ ಇಲ್ಲವೆಂದು ಕಂಡುಹಿಡಿದರು. ದೊಡ್ಡಪ್ಪನಿಗೂ ಅಪ್ಪಾಜಿಗೂ ಎಂಟು ವರ್ಷದಿಂದ ಮಾತಿರಲಿಲ್ಲ. ಅಮ್ಮ ಒಂದು ಡಬ್ಬಿ ಕರ್ಚಿಕಾಯಿ ಮಾಡಿಕೊಂಡು ನನ್ನೊಬ್ಬಳನ್ನೇ ಅವರ ಮನೆಗೆ ಕಳುಹಿಸಿದರು. ದೊಡ್ಡಪ್ಪ ಅರ್ಧ ಗಂಟೆ ಪೇಪರ್ ಓದುತ್ತ ಕೂತಿದ್ದು, ಆಮೇಲೆ "ನಿಮ್ಮಪ್ಪಗೆ ಬರಾಕೆ ಆಗಲಿಲ್ವೇನು?" ಎಂದು ಕೇಳಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಯಾವತ್ತು ಬರಬೇಕೆಂದು ಕೇಳಿದರು. ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಅಡಮಾನ ಪತ್ರ ಎಲ್ಲಕ್ಕೂ ₹41,000 ಆಯಿತು. ಸಾಲ ಮಂಜೂರಾದದ್ದು ಜೂನ್ ಮೂರನೇ ವಾರ. ಆಸ್ತಿಯ ಕಾಗದಗಳನ್ನು ಪ್ರವೇಶಪತ್ರ ಬರುವ ಮೊದಲೇ ಒಬ್ಬ ವಕೀಲರಿಗೆ ತೋರಿಸಿಟ್ಟುಕೊಳ್ಳಿ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಇಂಥ ಒಂದು ಪುಟ ಬಿಟ್ಟುಹೋಗಿರುತ್ತದೆ.

ವೀಸಾ ಸಂದರ್ಶನ ಚೆನ್ನೈನಲ್ಲಿ, ಜುಲೈ ಕೊನೆಯ ವಾರದಲ್ಲಿತ್ತು. ವೀಸಾ ಶುಲ್ಕ ಆಗ 160 ಡಾಲರ್, ವಿದೇಶಿ ವಿದ್ಯಾರ್ಥಿಗಳ ನೋಂದಣಿಯ ‘ಸೆವಿಸ್’ ಶುಲ್ಕ 350 ಡಾಲರ್. ಮೊದಲ ದಿನ ಬೆರಳಚ್ಚು, ಎರಡನೇ ದಿನ ಸಂದರ್ಶನ. ಅಧಿಕಾರಿ ನಗುನಗುತ್ತ ಮಾತಾಡಿಸಿ, ಎಂ.ಎಸ್ಸಿ.ಯಲ್ಲಿ ಯಾವ ಪ್ರಾಜೆಕ್ಟು ಎಂದು ಕೇಳಿದರು. ನಾನು ಸೀಸಿಯಂ, ಗಾಮಾ, ಡಿಟೆಕ್ಟರ್ ಎಂದು ಉತ್ಸಾಹದಿಂದ ಹೇಳಿದೆ. ಅವರ ನಗು ಹಾಗೆಯೇ ಇತ್ತು, ಆದರೆ ಕೀಲಿಮಣೆಯ ಮೇಲೆ ಬೆರಳು ಬಹಳ ಹೊತ್ತು ಓಡಿತು. ಆಮೇಲೆ ಗಾಜಿನ ಕೆಳಗಿನಿಂದ ಒಂದು ಚೀಟಿ ಬಂತು. ಅದರ ಮೇಲೆ 221(ಜಿ) ಎಂದಿತ್ತು. ಅಂದರೆ ಅಂತಿಮ ನಿರಾಕರಣೆಯಲ್ಲ, ಹೆಚ್ಚಿನ ಪರಿಶೀಲನೆ. ಪರಮಾಣು ತಂತ್ರಜ್ಞಾನಕ್ಕೆ ತಾಗುವ ವಿಷಯದ ವಿದ್ಯಾರ್ಥಿಗಳ ಹಿನ್ನೆಲೆಯನ್ನು ಅಮೆರಿಕ ಬೇರೆಯಾಗಿ ಸೋಸುತ್ತದೆ, ಏಕೆಂದರೆ ಯಂತ್ರದ ಹಾಗೆಯೇ ತಿಳಿವಳಿಕೆಯನ್ನೂ ಅವರು ರಫ್ತಾಗಬಲ್ಲ ವಸ್ತುವೆಂದು ಎಣಿಸುತ್ತಾರೆ. ಅಣ್ವಸ್ತ್ರ ತಡೆಯುವುದನ್ನು ಕಲಿಯಲು ಹೊರಟವಳು ಅದೇ ತಡೆಯ ಜರಡಿಯಲ್ಲಿ ಸಿಕ್ಕಿಬಿದ್ದಿದ್ದೆ. ಸ್ವವಿವರ, ಪ್ರಕಟಣೆಗಳ ಪಟ್ಟಿ, ಅಧ್ಯಯನ ಯೋಜನೆ, ಹಣದ ಮೂಲ, ಹಿಂದಿನ ಪ್ರಯಾಣಗಳ ವಿವರ ಕೇಳಿದ್ದರು. ಅಂದೇ ರಾತ್ರಿ ಲಾಡ್ಜಿನಲ್ಲಿ ಕೂತು ಕಳುಹಿಸಿದೆ. ಇವೆಲ್ಲವನ್ನೂ ಸಂದರ್ಶನಕ್ಕೆ ಹೋಗುವಾಗಲೇ ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯದು, ಮತ್ತು ಅಧ್ಯಯನ ಯೋಜನೆಯಲ್ಲಿ ನೀವು ಓದುತ್ತಿರುವುದು ನೀತಿಯೇ ಹೊರತು ಪ್ರಯೋಗಾಲಯದ ವಿಜ್ಞಾನವಲ್ಲ ಎಂಬುದು ಮೊದಲ ಸಾಲಿನಲ್ಲೇ ಇರಲಿ.

ಅಲ್ಲಿಂದ ಹನ್ನೊಂದು ವಾರ. ಅರ್ಜಿಯ ಸ್ಥಿತಿ ತೋರಿಸುವ ಪುಟದಲ್ಲಿ ‘ನಿರಾಕರಿಸಲಾಗಿದೆ’ ಎಂಬ ಅರ್ಥದ ಪದವೇ ಕಾಣುತ್ತಿರುತ್ತದೆ, ಪರಿಶೀಲನೆ ನಡೆಯುತ್ತಿರುವಾಗಲೂ ಹಾಗೆಯೇ. ಇದು ಗೊತ್ತಿರದ ಅಮ್ಮ ಒಮ್ಮೆ ಅದನ್ನು ನೋಡಿ ಎರಡು ದಿನ ಊಟ ಬಿಟ್ಟರು. ಆಗಸ್ಟ್ ಕೊನೆಗೆ ತರಗತಿ ಶುರುವಾಯಿತು. ವಿಮಾನದ ಟಿಕೇಟು ರದ್ದುಮಾಡಿ ₹38,000 ಕಳೆದುಕೊಂಡೆ. ಕಾಲೇಜಿಗೆ ಆಗಲೇ ರಾಜೀನಾಮೆ ಕೊಟ್ಟಿದ್ದೆ, ಹಾಗಾಗಿ ದಿನವಿಡೀ ಮನೆಯಲ್ಲೇ ಇದ್ದೆ. "ಇನ್ನೂ ಹೋಗಲಿಲ್ವಾ?" ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬೆಣ್ಣೆದೋಸೆ ತಿನ್ನಲೂ ನಮ್ಮ ಬಡಾವಣೆ ದಾಟಿ ಹೋಗುತ್ತಿದ್ದೆ. ವಿಶ್ವವಿದ್ಯಾಲಯಕ್ಕೆ ಬರೆದು ಪ್ರವೇಶವನ್ನು ಜನವರಿಗೆ ಮುಂದೂಡಿಸಿಕೊಂಡೆ. ಶುಲ್ಕ ಮನ್ನಾವೂ ಮುಂದುವರಿಯುತ್ತದೆಯೇ ಎಂದು ಪ್ರತ್ಯೇಕವಾಗಿ ಕೇಳಿ ಬರಹದಲ್ಲಿ ಪಡೆಯಬೇಕು. ತಾನಾಗಿಯೇ ಮುಂದುವರಿಯುತ್ತದೆಂದು ಭಾವಿಸಬೇಡಿ. ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಪಾಸ್‌ಪೋರ್ಟ್ ಕಳುಹಿಸಿ ಎಂಬ ಸಂದೇಶ ಬಂತು. ಯಾವ ಕಾರಣವನ್ನೂ ಹೇಳಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಓದಿನ ಎರಡು ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಓದು ಈ ಪ್ರಯಾಣದ ಸುಲಭದ ಭಾಗ. ಮೊದಲ ವಾರವೇ ನಾನು ‘ಒಪ್ಪಂದದ ಹೊರಗಿನ ದೇಶದವಳು’ ಎಂದು ಗುರುತಾದೆ. ಪ್ರಸರಣ ತಡೆ ಒಪ್ಪಂದದಲ್ಲಿ 191 ಸದಸ್ಯರಿದ್ದಾರೆ. ಭಾರತ, ಪಾಕಿಸ್ತಾನ, ಇಸ್ರೇಲ್ ಎಂದೂ ಸೇರಲಿಲ್ಲ. 1967ರ ಜನವರಿ 1ಕ್ಕಿಂತ ಮೊದಲು ಸ್ಫೋಟ ನಡೆಸಿದವರಿಗೆ ಮಾತ್ರ ಅಣ್ವಸ್ತ್ರ ರಾಷ್ಟ್ರದ ಪಟ್ಟ, ಉಳಿದವರಿಗೆ ಶಾಶ್ವತ ನಿಷೇಧ ಎಂಬ ವಿಂಗಡಣೆಯನ್ನೇ ನಮ್ಮ ದೇಶ ಒಪ್ಪಲಿಲ್ಲ. ಇದನ್ನು ನಾನು ಸೆಮಿಸ್ಟರಿಗೆ ನಾಲ್ಕು ಸಲವಾದರೂ ವಿವರಿಸಬೇಕಾಗುತ್ತಿತ್ತು. ಪರಮಾಣು ಪೂರೈಕೆದಾರರ ಗುಂಪು ಹುಟ್ಟಿದ್ದೇ 1974ರ ನಮ್ಮ ಪೋಖರಣ್ ಸ್ಫೋಟದ ನಂತರ, ಮತ್ತು ಅದೇ ಗುಂಪು 2008ರ ಸೆಪ್ಟೆಂಬರ್‌ನಲ್ಲಿ ನಮಗೆ ಪರಮಾಣು ವ್ಯಾಪಾರಕ್ಕೆ ವಿನಾಯಿತಿ ಕೊಟ್ಟಿತು ಎಂದು ಹೇಳುವಾಗ ಕೆಲವರಿಗೆ ನಗು, ಕೆಲವರಿಗೆ ಸಿಟ್ಟು ಬರುತ್ತಿತ್ತು. ಎಂ.ಎಸ್ಸಿ.ಯ ಗಾಮಾ ಮಾತ್ರ ಇಲ್ಲಿ ಕೈಹಿಡಿಯಿತು. ಯುರೇನಿಯಂ-235 ಹೊರಸೂಸುವ 186 ಕೆಇವಿ ಕಿರಣವನ್ನು ಅಳೆದು ಸಂವರ್ಧನೆಯ ಮಟ್ಟ ಹೇಳುವುದು ತಪಾಸಣೆಗಾರರ ದಿನನಿತ್ಯದ ಕೆಲಸ. ಅದರ ತರಗತಿಯಲ್ಲಿ ಚೆನ್ನೈ ಅಧಿಕಾರಿಯ ಮುಖ ನೆನಪಾಗಿ ಒಬ್ಬಳೇ ನಕ್ಕಿದ್ದೆ.

ಒಂದು ಸಂಕಟವನ್ನು ಮಾತ್ರ ಹೇಳಲೇಬೇಕು. ಉಪಗ್ರಹ ಚಿತ್ರ ಓದುವ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಸ್ಥಳ ಆರಿಸಿಕೊಳ್ಳಬೇಕಿತ್ತು. ಸಹಪಾಠಿಯೊಬ್ಬ "ನಿಮ್ಮ ಕಡೆಯದೇ ಇದೆಯಲ್ಲ" ಎಂದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಚಿತ್ರವನ್ನು ತೆರೆದು ತೋರಿಸಿದ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಅಲ್ಲಿ ಜಮೀನು ಕೊಟ್ಟಿರುವುದು, ಸಂವರ್ಧನಾ ಘಟಕದ ಯೋಜನೆ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ನಮ್ಮ ಅಮ್ಮನ ತವರು ಆ ಕಡೆ. ಅಮೃತಮಹಲ್ ಕಾವಲಿನ ಆ ಹುಲ್ಲುಗಾವಲಿನಲ್ಲಿ ಮಾವ ಕುರಿ ಮೇಯಿಸುತ್ತಿದ್ದುದನ್ನು ಚಿಕ್ಕವಳಾಗಿ ನೋಡಿದ್ದೇನೆ, ಆಮೇಲೆ ಎದ್ದ ಗೋಡೆಯನ್ನೂ ನೋಡಿದ್ದೇನೆ. ಪರದೆಯ ಮೇಲೆ ಅದು ಕಂದು ಬಣ್ಣದ ನೆಲದಲ್ಲಿ ಎಳೆದ ಒಂದು ನೇರ ಗೆರೆ ಅಷ್ಟೆ. ಎರಡು ರಾತ್ರಿ ಯೋಚಿಸಿ ಬೇರೆ ದೇಶದ ಒಂದು ಗಣಿಯನ್ನು ಆರಿಸಿಕೊಂಡೆ. ಸಾರ್ವಜನಿಕ ಚಿತ್ರಗಳನ್ನು ನೋಡುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಆದರೆ ನಾಳೆ ಭಾರತದಲ್ಲೇ ಕೆಲಸ ಹುಡುಕುವವಳು ತನ್ನ ದೇಶದ ಸೂಕ್ಷ್ಮ ಸ್ಥಾವರದ ಬಗ್ಗೆ ವಿದೇಶದಲ್ಲಿ ಕೂತು ಏನು ಬರೆಯುತ್ತಾಳೆ ಎಂಬುದನ್ನು ಯಾರಾದರೂ ಓದುತ್ತಾರೆ ಎಂಬ ಲೆಕ್ಕಾಚಾರ ನನ್ನದಾಗಿತ್ತು. ಇದನ್ನು ಜಾಣತನವೆನ್ನಬೇಕೋ ಪುಕ್ಕಲುತನವೆನ್ನಬೇಕೋ ಈಗಲೂ ನಿರ್ಧರಿಸಿಲ್ಲ. ನೀವು ನಿಮ್ಮ ನಿರ್ಧಾರವನ್ನು ಆ ತರಗತಿಗೆ ಸೇರುವ ಮೊದಲೇ ಮಾಡಿಕೊಂಡಿರಿ.

ಹಣದ ವಿಷಯದಲ್ಲಿ ನನ್ನನ್ನು ಉಳಿಸಿದ್ದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2020ರಲ್ಲಿ ಆರಂಭಿಸಿದ ಮೇರಿ ಸ್ಕ್ಲೊಡೋವ್ಸ್ಕಾ ಕ್ಯೂರಿ ಫೆಲೋಶಿಪ್. ಪರಮಾಣು ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಓದುವ ಮಹಿಳೆಯರಿಗೆಂದೇ ಇರುವ ಇದರಲ್ಲಿ ಪ್ರಸರಣ ತಡೆಯೂ ಸೇರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಬೋಧನಾ ಶುಲ್ಕಕ್ಕೆ ವರ್ಷಕ್ಕೆ 10,000 ಯೂರೋವರೆಗೆ, ಜೀವನ ವೆಚ್ಚಕ್ಕೆ 10,000 ಯೂರೋವರೆಗೆ, ಗರಿಷ್ಠ ಎರಡು ವರ್ಷ ಕೊಡುತ್ತಾರೆ. ಆಮೇಲೆ ಇಂಟರ್ನ್‌ಶಿಪ್‌ಗೂ ಅವಕಾಶ ಮಾಡಿಕೊಡುತ್ತಾರೆ. ದಾವಣಗೆರೆಯಲ್ಲಿದ್ದಾಗ, ಪ್ರವೇಶಪತ್ರವೇ ಇಲ್ಲದೆ ಒಮ್ಮೆ ಅರ್ಜಿ ಹಾಕಿ ಪೆಟ್ಟು ತಿಂದಿದ್ದೆ. ಎರಡನೇ ಸಲ 2023ರಲ್ಲಿ, ಓದುತ್ತಿರುವಾಗಲೇ ಹಾಕಿದೆ. ಕೊನೆಯ ಒಂದು ವರ್ಷಕ್ಕೆ ಸಿಕ್ಕಿತು. ₹35 ಲಕ್ಷ ಮಂಜೂರಾಗಿದ್ದ ಸಾಲದಲ್ಲಿ ₹24 ಲಕ್ಷ ಮಾತ್ರ ತೆಗೆದುಕೊಂಡರೆ ಸಾಕಾಯಿತು.

2024ರ ಡಿಸೆಂಬರ್‌ನಲ್ಲಿ ಪದವಿ ಮುಗಿಯಿತು. ಇಲ್ಲಿಯೇ ಯಾರೂ ಮೊದಲೇ ಹೇಳದ ಗೋಡೆಯೊಂದಿದೆ: ಅಮೆರಿಕದಲ್ಲಿ ಈ ಕ್ಷೇತ್ರದ ಬಹುಪಾಲು ಕೆಲಸಗಳು ಸರಕಾರದಲ್ಲಿ, ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಅಥವಾ ಅವರ ಗುತ್ತಿಗೆದಾರರಲ್ಲಿ ಇವೆ. ಅವಕ್ಕೆ ಪೌರತ್ವ ಬೇಕು, ಭದ್ರತಾ ಅನುಮತಿ ಬೇಕು. ನನ್ನ ತರಗತಿಯ ಅಮೆರಿಕನ್ ಗೆಳತಿಯರು ಫೆಬ್ರವರಿಯ ಹೊತ್ತಿಗೆ ಕೆಲಸದಲ್ಲಿದ್ದರು. ನಾನು ಅಣುಶಕ್ತಿ ಸಂಸ್ಥೆಯ ಕೇಂದ್ರ ಕಚೇರಿಯಿರುವ ಆಸ್ಟ್ರಿಯಾದ ವಿಯೆನ್ನಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಹಿಡಿದೆ. ಮನೆ ಬಾಡಿಗೆಯ ಕರಾರಿಲ್ಲದೆ ವೀಸಾ ಇಲ್ಲ, ವೀಸಾ ತೋರಿಸದೆ ಮನೆ ಕೊಡುವವರಿಲ್ಲ. ಕೊನೆಗೆ ವಿದ್ಯಾರ್ಥಿನಿಲಯದ ಒಂದು ಕೋಣೆಗೆ ಮುಂಗಡ ಕಟ್ಟಿ ಪಾರಾದೆ.

ವಿಯೆನ್ನಾದ ನೆನಪೆಂದರೆ 2025ರ ಜೂನ್ 12 ಮತ್ತು 13. ಇರಾನ್ ಅಣು ತಪಾಸಣೆಯ ತನ್ನ ಕರಾರನ್ನು ಪಾಲಿಸಿಲ್ಲವೆಂದು ಅಣುಶಕ್ತಿ ಸಂಸ್ಥೆಯ ಆಡಳಿತ ಮಂಡಳಿ ಗುರುವಾರ 19 ಮತಗಳಿಂದ ನಿರ್ಣಯ ಮಾಡಿತು, ಮೂರು ವಿರೋಧ, ಹನ್ನೊಂದು ತಟಸ್ಥ. ಶುಕ್ರವಾರ ಬೆಳಗಾಗುವಷ್ಟರಲ್ಲಿ ಇಸ್ರೇಲಿನ ದಾಳಿ ಶುರುವಾಗಿತ್ತು. ನಮ್ಮ ಮುಖ್ಯಸ್ಥರು ಹತ್ತು ಗಂಟೆಯೊಳಗೆ ಒಂದು ಪುಟ ಬೇಕೆಂದರು: ಶೇ 60ರಷ್ಟು ಸಂವರ್ಧಿತ ಯುರೇನಿಯಂ ಇರಾನ್ ಬಳಿ ಎಷ್ಟಿದೆ, ಅದರ ಅರ್ಥವೇನು? ಇತ್ತೀಚಿನ ವರದಿಯಲ್ಲಿದ್ದದ್ದು ಮೇ 17ರ ಅಂಕಿ, 408.6 ಕಿಲೋ. ಒಂದು ಬಾಂಬಿಗೆ ಸಾಕಾಗಬಹುದೆಂದು ಸಂಸ್ಥೆ ಇಟ್ಟುಕೊಂಡಿರುವ ಅಳತೆ 25 ಕಿಲೋ ಯುರೇನಿಯಂ-235. 25ನ್ನು 0.6ರಿಂದ ಭಾಗಿಸಿದರೆ ಸುಮಾರು 42 ಕಿಲೋ. 408ರಲ್ಲಿ ಅಂಥವು ಒಂಬತ್ತಕ್ಕಿಂತ ಹೆಚ್ಚು. ಲೆಕ್ಕ ಎಸ್ಸೆಸ್ಸೆಲ್ಸಿಯದು. ಕಷ್ಟವಿದ್ದದ್ದು ಮುಂದಿನ ಸಾಲಿನಲ್ಲಿ: ‘ಒಂಬತ್ತು ಬಾಂಬು ಇವೆ’ ಎಂದು ಬರೆದರೆ ಸುಳ್ಳಾಗುತ್ತದೆ, ‘ಇನ್ನಷ್ಟು ಸಂವರ್ಧಿಸಿದರೆ ಒಂಬತ್ತಕ್ಕೆ ಸಾಕಾಗುವಷ್ಟು ವಸ್ತು ಇದೆ, ಬಾಂಬು ಮಾಡಲು ಬೇರೆಯೂ ಬೇಕು’ ಎಂದು ಬರೆದರೆ ಮಾತ್ರ ಸರಿ. ಮುಖ್ಯಸ್ಥರು ನನ್ನ ಒಂದು ಪುಟದಲ್ಲಿ ಹನ್ನೆರಡು ಕಡೆ ಕೆಂಪು ಗೀಟು ಹಾಕಿ, ಆ ಸಾಲನ್ನು ಮಾತ್ರ ಹಾಗೆಯೇ ಬಿಟ್ಟರು. ಕೆಲಸ ಏನೆಂದು ನನಗೆ ಅರ್ಥವಾದದ್ದು ಅಂದು ಎಂದು ಹೇಳಬಹುದು.

ಸೆಪ್ಟೆಂಬರ್‌ನಲ್ಲಿ ಊರಿಗೆ ಬಂದೆ. 23 ಅರ್ಜಿ, ನಾಲ್ಕು ಸಂದರ್ಶನ, ಎರಡು ಬರವಣಿಗೆ ಪರೀಕ್ಷೆ. ಹದಿನಾಲ್ಕು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆ ಆಯ್ಕೆಯಾಗಿದ್ದೀರಿ ಎಂದು ಬಾಯಲ್ಲಿ ಹೇಳಿ, ಎರಡು ತಿಂಗಳ ನಂತರ ಅನುದಾನ ಬರಲಿಲ್ಲ ಎಂದರು. ಈ ಕ್ಷೇತ್ರದ ಬಹಳ ಹುದ್ದೆಗಳು ಅನುದಾನದ ಮೇಲೆ ನಿಂತಿರುವುದರಿಂದ, ಹಣ ಎಲ್ಲಿಂದ, ಎಷ್ಟು ವರ್ಷಕ್ಕೆ ಎಂದು ಸಂದರ್ಶನದಲ್ಲಿ ಕೇಳುವುದಕ್ಕೆ ಸಂಕೋಚ ಪಡಬೇಡಿ. ಈಗ ಸಿಕ್ಕಿರುವ ಸಂಸ್ಥೆಯ ಪರೀಕ್ಷೆ ಎರಡು ಗಂಟೆಯದು: ಒಂದು ಸಣ್ಣ ಉದ್ದಿಮೆಗೆ ವಿದೇಶದಿಂದ ನಿರ್ವಾತ ಪಂಪಿನ ಬಿಡಿಭಾಗಗಳ ಆರ್ಡರ್ ಬಂದಿದೆ, ಖರೀದಿದಾರ ಅನುಮಾನಾಸ್ಪದ, 800 ಪದಗಳಲ್ಲಿ ಇಲಾಖೆಗೆ ಟಿಪ್ಪಣಿ ಬರೆಯಿರಿ. ನಾನು ಹರಿಹರದ ವರ್ಕ್‌ಶಾಪುಗಳನ್ನು ಕಣ್ಣಮುಂದೆ ಇಟ್ಟುಕೊಂಡು, ಆರ್ಡರ್ ಯಾರ ಕೈಗೆ ಮೊದಲು ಬರುತ್ತದೆ, ಡ್ರಾಯಿಂಗ್ ಯಾರು ನೋಡುತ್ತಾರೆ, ಮುಂಗಡ ಹಣ ಕೈಗೆ ಬಂದಮೇಲೆ ಬೇಡವೆನ್ನುವುದು ಮಾಲೀಕನಿಗೆ ಎಷ್ಟು ಕಷ್ಟ ಎಂಬಲ್ಲಿಂದ ಶುರುಮಾಡಿದೆ.

ಸಂಬಳ ತಿಂಗಳಿಗೆ ₹68,000, ಮೂರು ವರ್ಷದ ಕರಾರು. ಜನವರಿಯಿಂದ ಸಾಲದ ಕಂತು ₹25,800 ಶುರುವಾಗಿದೆ. ಬೆಂಗಳೂರಿನ ಬಾಡಿಗೆ ಕಳೆದರೆ ಉಳಿಯುವುದು ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಇದೇ ಸಂಬಳವನ್ನು ನನ್ನ ಎಂ.ಎಸ್ಸಿ. ಗೆಳತಿಯರು ಸಾಫ್ಟ್‌ವೇರ್ ಕಡೆ ಹೋಗಿ ಮೂರು ವರ್ಷ ಮೊದಲೇ ತಲುಪಿದ್ದಾರೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ನೇಮಕಾತಿ ಪತ್ರದ ಜೊತೆ ತರಬೇಕಾದ ದಾಖಲೆಗಳ ಪಟ್ಟಿ ಇದೆ. ಆರನೆಯ ಸಾಲಿನಲ್ಲಿ, ‘ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟಿನಲ್ಲಿ ಹೆಸರು ಭಿನ್ನವಾಗಿದ್ದರೆ ನೋಟರಿಯಾದ ಅಫಿಡವಿಟ್, ಮೂಲಪ್ರತಿ’ ಎಂದಿದೆ. ಹಳೆಯ ನಾಲ್ಕು ಪ್ರತಿಗಳೂ ಖರ್ಚಾಗಿವೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನ್ಯಾಯಾಲಯದ ಎದುರಿನ ಟೈಪಿಂಗ್ ಅಂಗಡಿಗೆ ಅಪ್ಪಾಜಿ ನನ್ನ ಜೊತೆ ಬರುತ್ತಿದ್ದಾರೆ. ಈ ಸಲ ಹತ್ತು ಮಾಡಿಸೋಣ ಎಂದಿದ್ದಾರೆ.